ಚಳಿಗಾಲದಲ್ಲಿ ಕ್ರಾಪಿ ಮೀನಿಗೆ ಗಾಳ: ನಿಧಾನ ವಿಧಾನಗಳು ಮತ್ತು ಮುನ್ನೆಚ್ಚರಿಕೆಗಳು

ಪೀಠಿಕೆ

ಕ್ರಾಪಿ ಉತ್ತರ ಅಮೆರಿಕದ ಪೂರ್ವ ಭಾಗದ ಕೆರೆ, ನದಿಗಳಿಗೆ ಸೇರಿದ ಸಿಹಿನೀರಿನ ಮೀನು. ಜಲಾಶಯಗಳಲ್ಲಿ ಬಿತ್ತನೆ ಮಾಡಿದ ಕಾರಣ ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ಬಹುತೇಕ ರಾಜ್ಯಗಳಲ್ಲಿ ಇದು ದೊರೆಯುತ್ತದೆ. ಇದರಲ್ಲಿ ಬಿಳಿ ಕ್ರಾಪಿ ಮತ್ತು ಕಪ್ಪು ಕ್ರಾಪಿ ಎಂಬ ಎರಡು ಪ್ರಭೇದಗಳಿವೆ. ಬೆನ್ನಿನ ರೆಕ್ಕೆಯಲ್ಲಿ ಬಿಳಿ ಕ್ರಾಪಿಗೆ ಸಾಮಾನ್ಯವಾಗಿ 5 ಅಥವಾ 6 ಮುಳ್ಳುಗಳೂ, ಕಪ್ಪು ಕ್ರಾಪಿಗೆ 7 ಅಥವಾ 8 ಮುಳ್ಳುಗಳೂ ಇರುತ್ತವೆ. ಬಿಳಿ ಕ್ರಾಪಿ ಕದಡಿದ ನೀರನ್ನು ಹೆಚ್ಚು ಸಹಿಸಿಕೊಳ್ಳುತ್ತದೆ. ಕಪ್ಪು ಕ್ರಾಪಿ ತಿಳಿನೀರು ಮತ್ತು ಜಲಸಸ್ಯಗಳಿರುವ ತಾಣಗಳನ್ನು ಬಯಸುತ್ತದೆ.

ಮಾಂಸವು ರುಚಿಕರವಾಗಿರುವುದರಿಂದ ಹವ್ಯಾಸಿ ಮೀನುಗಾರರಲ್ಲಿ ಈ ಮೀನಿಗೆ ವಿಶೇಷ ಸ್ಥಾನವಿದೆ. ವಸಂತಕಾಲದಲ್ಲಿ ದಡದ ಬಳಿ ಸುಲಭವಾಗಿ ಸಿಗುವ ಕ್ರಾಪಿ ಚಳಿಗಾಲದಲ್ಲಿ ಆಳಕ್ಕಿಳಿದು ಗುಂಪಾಗಿ ನಿಲ್ಲುತ್ತದೆ. ಆಗ ಇದನ್ನು ಹಿಡಿಯಲು ಎರೆಯನ್ನು ಅತ್ಯಂತ ನಿಧಾನವಾಗಿ ಮುಂದಿಡುವ ವಿಧಾನಗಳೇ ಸೂಕ್ತ. ಅಮೆರಿಕದಲ್ಲಿ ನೆಲೆಸಿರುವ ಹವ್ಯಾಸಿ ಕನ್ನಡಿಗರಿಗೂ ಈ ಮಾಹಿತಿ ಉಪಯುಕ್ತವಾಗಿರುತ್ತದೆ.

ನಿಧಾನ ಏಕೆ ಅಗತ್ಯ?

ಮೀನು ಶೀತರಕ್ತ ಪ್ರಾಣಿ. ನೀರಿನ ಉಷ್ಣಾಂಶ ಇಳಿದಂತೆ ಅದರ ದೇಹದ ಉಷ್ಣಾಂಶವೂ ಇಳಿಯುತ್ತದೆ, ಚಯಾಪಚಯ ಕ್ರಿಯೆ ಮಂದವಾಗುತ್ತದೆ, ಜೀರ್ಣಕ್ರಿಯೆಗೆ ಹೆಚ್ಚು ಸಮಯ ಬೇಕಾಗುತ್ತದೆ. ಇಂತಹ ಸ್ಥಿತಿಯಲ್ಲಿ ಕ್ರಾಪಿ ಆಹಾರವನ್ನು ತೊರೆಯುವುದಿಲ್ಲ. ಆದರೆ ದೂರದವರೆಗೆ ಬೆನ್ನಟ್ಟಿ ಹೋಗುವುದಿಲ್ಲ. ಬೆನ್ನಟ್ಟಲು ವ್ಯಯಿಸುವ ಶಕ್ತಿಯು ದೊರೆಯುವ ಆಹಾರಕ್ಕಿಂತ ಹೆಚ್ಚಾಗುವುದೇ ಇದಕ್ಕೆ ಕಾರಣ. ಆದುದರಿಂದ ಎರೆಯು ಮೀನಿನ ಸಮೀಪಕ್ಕೆ ಬಂದು, ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲಬೇಕು.

ಮೀನು ಇರುವ ಆಳವನ್ನು ಗುರುತಿಸುವುದು

ಹಳೆಯ ನದಿಪಾತ್ರದ ಅಂಚು, ಮುಳುಗಿದ ಮರಗಳು, ಕೊಂಬೆಗಳ ರಾಶಿ ಮತ್ತು ಸೇತುವೆಯ ಕಂಬಗಳ ಸುತ್ತ ಚಳಿಗಾಲದ ಕ್ರಾಪಿ ಗುಂಪುಗೂಡುತ್ತದೆ. ಹಲವು ದಿನ ಬಿಸಿಲು ಬಿದ್ದ ನಂತರ ಮಧ್ಯಾಹ್ನದ ವೇಳೆ ಮೇಲಿನ ನೀರಿಗೆ ಬರುವುದೂ ಉಂಟು. ಕ್ರಾಪಿಯ ಕಣ್ಣುಗಳು ತನಗಿಂತ ಮೇಲಿರುವ ಆಹಾರವನ್ನು ಕಾಣಲು ಅನುಕೂಲವಾಗಿವೆ. ಎರೆ ಮೀನಿನ ಕೆಳಗೆ ಹೋದರೆ ಅದು ಸಾಮಾನ್ಯವಾಗಿ ಇಳಿದು ಬಂದು ಹಿಡಿಯುವುದಿಲ್ಲ. ಆದ್ದರಿಂದ ಮೀನು ನಿಂತಿರುವ ಮಟ್ಟಕ್ಕಿಂತ ತುಸು ಮೇಲೆಯೇ ಎರೆಯನ್ನು ನಿಲ್ಲಿಸಬೇಕು.

ಪ್ರಮುಖ ವಿಧಾನಗಳು

1. ನೇರ ಇಳಿಬಿಡುವಿಕೆ: ದೋಣಿಯನ್ನು ಮುಳುಗಿದ ಮರದ ಮೇಲ್ಭಾಗದಲ್ಲಿ ನಿಲ್ಲಿಸಿ, ಉದ್ದನೆಯ ಗಾಳದ ಕೋಲಿನಿಂದ ಜಿಗ್ ಅನ್ನು ನೇರವಾಗಿ ಇಳಿಬಿಡುವುದು. ಸೀಸದ ತಲೆಯುಳ್ಳ, ಪುಕ್ಕ ಅಥವಾ ಮೃದು ಪ್ಲಾಸ್ಟಿಕ್ ಕಟ್ಟಿದ ಕೊಕ್ಕೆಗೆ ಜಿಗ್ ಎನ್ನುತ್ತಾರೆ. ಇಳಿಸಿದ ಮೇಲೆ ಕೋಲನ್ನು ಅಲುಗಿಸದೆ ಹಿಡಿಯಬೇಕು. ನೀರಿನ ಸಹಜ ಚಲನೆಯಿಂದಲೇ ಪುಕ್ಕ ಮಿಸುಕುತ್ತದೆ. ಅಷ್ಟು ಚಲನೆ ಸಾಕಾಗುತ್ತದೆ.

2. ಜಾರುವ ಬೆಂಡು: ದಾರಕ್ಕೆ ಬಿಗಿಯಾಗಿ ಕಟ್ಟಿದ ಬೆಂಡಿನಿಂದ ಐದಾರು ಮೀಟರ್ ಆಳಕ್ಕೆ ಗಾಳ ಎಸೆಯುವುದು ಕಷ್ಟ. ಜಾರುವ ಬೆಂಡಿನಲ್ಲಿ ದಾರವು ಬೆಂಡಿನ ಮೂಲಕ ಹಾದುಹೋಗಿ, ಮೊದಲೇ ಹಾಕಿದ ತಡೆಗಂಟಿನ ಬಳಿ ನಿಲ್ಲುತ್ತದೆ. ಇದರಿಂದ ಎರೆಯು ಪ್ರತಿ ಬಾರಿಯೂ ಅದೇ ಆಳದಲ್ಲಿ ತೂಗುತ್ತದೆ. ಮಿನ್ನೋ ಎಂಬ ಜೀವಂತ ಸಣ್ಣ ಮೀನನ್ನು ಎರೆಯಾಗಿ ಬಳಸಲು ಈ ವಿಧಾನ ಉತ್ತಮ.

3. ಎಣಿಕೆಯ ವಿಧಾನ: ದಡದಿಂದ ಅಥವಾ ದೋಣಿಯಿಂದ ಹಗುರವಾದ ಜಿಗ್ ಎಸೆದು, ಅದು ಮುಳುಗುವಾಗ ಸೆಕೆಂಡುಗಳನ್ನು ಎಣಿಸಬೇಕು. ಮೀನು ಕಚ್ಚಿದ ಎಣಿಕೆಯನ್ನು ನೆನಪಿಟ್ಟು ಮುಂದಿನ ಬಾರಿಯೂ ಅಷ್ಟೇ ಎಣಿಸಿ ದಾರವನ್ನು ಮೆಲ್ಲನೆ ಸುತ್ತಬೇಕು. 1/16 ಔನ್ಸ್ ಅಂದರೆ ಸುಮಾರು 1.8 ಗ್ರಾಂ ತೂಕದ ಜಿಗ್‌ಗಿಂತ 1/32 ಔನ್ಸ್ ಜಿಗ್ ನಿಧಾನವಾಗಿ ಮುಳುಗುತ್ತದೆ. ಗಾಳಿ ಇಲ್ಲದ ದಿನ ಹಗುರವಾದುದನ್ನು ಆರಿಸುವುದು ಒಳಿತು.

4. ನಿಧಾನ ದೋಣಿ ಸಾಗಣೆ: ದೋಣಿಯ ಮುಂಭಾಗದಲ್ಲಿ ಹಲವು ಉದ್ದನೆಯ ಕೋಲುಗಳನ್ನು ಬೀಸಣಿಗೆಯಂತೆ ಜೋಡಿಸಿ, ವಿದ್ಯುತ್ ಮೋಟಾರಿನಿಂದ ಗಂಟೆಗೆ ಒಂದು ಕಿಲೋಮೀಟರಿಗಿಂತಲೂ ಕಡಿಮೆ ವೇಗದಲ್ಲಿ ಸಾಗುವುದು. ಬೇರೆ ಬೇರೆ ಕೋಲುಗಳಿಗೆ ಬೇರೆ ಬೇರೆ ಆಳ ನಿಗದಿಪಡಿಸಿದಲ್ಲಿ ಮೀನಿರುವ ಮಟ್ಟ ಬೇಗ ತಿಳಿಯುತ್ತದೆ. ಒಬ್ಬರು ಬಳಸಬಹುದಾದ ಕೋಲುಗಳ ಸಂಖ್ಯೆ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುತ್ತದೆ.

ಕಚ್ಚಿದುದನ್ನು ತಿಳಿಯುವ ಬಗೆ

ಚಳಿಯಲ್ಲಿ ಕ್ರಾಪಿ ಜೋರಾಗಿ ಎಳೆಯುವುದಿಲ್ಲ. ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಬಂದಾಗ ದಾರ ಸಡಿಲವಾಗುತ್ತದೆ. ನೆಟ್ಟಗೆ ನಿಂತ ಬೆಂಡು ಅಡ್ಡಬೀಳುತ್ತದೆ. ಇದೂ ಕಚ್ಚಿದುದರ ಸೂಚನೆಯೇ ಆಗಿದೆ. ಈ ಮೀನಿನ ಬಾಯಿಯ ಪೊರೆ ತೆಳುವಾದುದರಿಂದ ಜಗ್ಗಿ ಎಳೆದರೆ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಕೋಲನ್ನು ಮೆಲ್ಲಗೆ ಎತ್ತಿ, ಕೈಬಲೆಯಿಂದ ಮೀನನ್ನು ತೆಗೆದುಕೊಳ್ಳತಕ್ಕದ್ದು.

ಆಳದ ಮೀನು ಮತ್ತು ಸಂರಕ್ಷಣೆ

ಕ್ರಾಪಿಯ ಗಾಳಿಚೀಲ ಮುಚ್ಚಿದ ಬಗೆಯದು. ಆಳದಿಂದ ತಟ್ಟನೆ ಮೇಲೆತ್ತಿದಾಗ ನೀರಿನ ಒತ್ತಡ ಕಡಿಮೆಯಾಗಿ ಚೀಲದೊಳಗಿನ ಅನಿಲ ಹಿಗ್ಗುತ್ತದೆ. ಅದನ್ನು ಬೇಗನೆ ಹೊರಹಾಕಲು ಮೀನಿಗೆ ಸಾಧ್ಯವಾಗುವುದಿಲ್ಲ. ಹೊಟ್ಟೆ ಉಬ್ಬುವುದು, ಕಣ್ಣು ಹೊರಚಾಚುವುದು, ನೀರಿಗೆ ಬಿಟ್ಟರೂ ಮುಳುಗಲಾಗದೆ ತೇಲುವುದು ಇದರ ಲಕ್ಷಣಗಳು. ಇಂತಹ ಮೀನುಗಳಲ್ಲಿ ಹಲವು ಬಿಟ್ಟ ನಂತರವೂ ಸಾಯುತ್ತವೆ. ಆದ್ದರಿಂದ ಸುಮಾರು 9 ಮೀಟರಿಗಿಂತ ಆಳದಲ್ಲಿ, ಹಿಡಿದು ಬಿಡುವ ಉದ್ದೇಶದಿಂದ ಗಾಳ ಹಾಕುವುದು ಸರಿಯಲ್ಲ. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಆರಿಸುವ ಪದ್ಧತಿಯೂ ಅಲ್ಲಿ ಹಾನಿಕರ. ಚಿಕ್ಕ ಮೀನುಗಳೇ ಹೆಚ್ಚು ಬರುತ್ತಿದ್ದಲ್ಲಿ ಆ ಜಾಗವನ್ನು ಬಿಟ್ಟು ಕಡಿಮೆ ಆಳದ ತಾಣಕ್ಕೆ ಹೋಗಬೇಕು. ಅನುಮತಿಸಿದ ಸಂಖ್ಯೆ ತಲುಪಿದೊಡನೆ ಗಾಳ ನಿಲ್ಲಿಸಬೇಕು.

ಜೀವರಕ್ಷಣೆ

ಹವ್ಯಾಸಿ ಮೀನುಗಾರನಿಗೆ ಚಳಿಗಾಲದ ನೀರು ಅತ್ಯಂತ ಅಪಾಯಕಾರಿ.

• ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿಯೇ ಏರುಪೇರಾಗುತ್ತದೆ. ಈಜು ಬಲ್ಲವರೂ ನೀರು ಕುಡಿದು ಮುಳುಗುವ ಸಂಭವವಿರುತ್ತದೆ. ನಂತರ ಕೆಲವೇ ನಿಮಿಷಗಳಲ್ಲಿ ಕೈಕಾಲುಗಳು ಬಲ ಕಳೆದುಕೊಳ್ಳುತ್ತವೆ. ಆದ್ದರಿಂದ ದೋಣಿಯಲ್ಲಿರುವಷ್ಟು ಹೊತ್ತೂ ಜೀವರಕ್ಷಕ ಜಾಕೆಟ್ ಧರಿಸಿರಬೇಕು.

• ಮಿನ್ನೆಸೋಟ, ವಿಸ್ಕಾನ್ಸಿನ್ ಮುಂತಾದ ಉತ್ತರದ ರಾಜ್ಯಗಳಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತು, ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು ಗಾಳ ಹಾಕುತ್ತಾರೆ. ನಡೆಯಲು ಕನಿಷ್ಠ 4 ಅಂಗುಲ ದಪ್ಪದ ತಿಳಿಯಾದ ಹೊಸ ಮಂಜುಗಡ್ಡೆ ಅವಶ್ಯ. ಬಿಳುಪಾದ, ಹಿಮ ಬೆರೆತ ಮಂಜುಗಡ್ಡೆಯ ಬಲ ಇದರ ಅರ್ಧದಷ್ಟು ಮಾತ್ರ. ದಪ್ಪವನ್ನು ಹೆಜ್ಜೆ ಹೆಜ್ಜೆಗೂ ಪರೀಕ್ಷಿಸಬೇಕು.

• ಒಂಟಿಯಾಗಿ ಹೋಗಬಾರದು. ಹೋಗುವ ಸ್ಥಳ ಮತ್ತು ಹಿಂದಿರುಗುವ ವೇಳೆಯನ್ನು ಮನೆಯವರಿಗೆ ತಿಳಿಸಿರಬೇಕು.

ಮೀನು ಹಿಡಿಯಲು ಬೇಕಾದ ಪರವಾನಗಿ, ಮೀನಿನ ಕನಿಷ್ಠ ಉದ್ದ ಮತ್ತು ದಿನದ ಮಿತಿಗಳು ಆಯಾ ರಾಜ್ಯ ಹಾಗೂ ಜಲಾಶಯವನ್ನು ಅವಲಂಬಿಸಿರುತ್ತವೆ. ಹೊರಡುವ ಮುನ್ನ ಆಯಾ ರಾಜ್ಯದ ಪ್ರಸಕ್ತ ನಿಯಮಗಳನ್ನು ಓದಿಕೊಂಡು, ಅವುಗಳಿಗೆ ಬದ್ಧರಾಗಿ ಈ ಹವ್ಯಾಸವನ್ನು ಕೈಗೊಳ್ಳತಕ್ಕದ್ದು.