ಮೌನಾ ಕೆಯಾ: ಆಕಾಶಕ್ಕೆ ಹತ್ತಿರ, ಒಪ್ಪಿಗೆಗೆ ದೂರ

ಪೆಸಿಫಿಕ್ ಸಾಗರದ ನಟ್ಟನಡುವೆ, ಹವಾಯಿ ದ್ವೀಪಗಳಲ್ಲೇ ಅತಿ ದೊಡ್ಡದರ ಮೇಲೆ ನಿಂತಿರುವ ಮೌನಾ ಕೆಯಾ ಜ್ವಾಲಾಮುಖಿಯ ತುದಿ ಸಮುದ್ರಮಟ್ಟದಿಂದ ಸುಮಾರು 4,207 ಮೀಟರ್ ಎತ್ತರದಲ್ಲಿದೆ. ಸಾಗರದ ತಳದಲ್ಲಿರುವ ಬುಡದಿಂದ ಅಳೆದರೆ ಅದು 10,000 ಮೀಟರ್ ದಾಟುತ್ತದೆ. ಕೊನೆಯ ಸಲ ಬೆಂಕಿ ಉಗುಳಿ ಸುಮಾರು 4,500 ವರ್ಷಗಳಾಗಿವೆ. ಇದಕ್ಕಿಂತ ಎತ್ತರದ ಬೆಟ್ಟಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೂ ಖಗೋಳ ವಿಜ್ಞಾನಿಗಳು ಇದನ್ನೇ ಅರಸಿ ಬಂದದ್ದಕ್ಕೆ ಕಾರಣ ಇಲ್ಲಿನ ಗಾಳಿ. ದ್ವೀಪದ ಮೇಲೆ ಸುಮಾರು 2,000 ಮೀಟರ್ ಎತ್ತರದಲ್ಲಿ ಬೆಚ್ಚನೆಯ ಗಾಳಿಯ ಪದರವೊಂದು ವರ್ಷದ ಬಹುಕಾಲ ಮುಚ್ಚಳ ಹಾಕಿದಂತೆ ಕೂತಿರುತ್ತದೆ. ಮೋಡ, ತೇವ, ದೂಳು ಎಲ್ಲವೂ ಅದರ ಕೆಳಗೇ ಉಳಿಯುತ್ತವೆ. ತುದಿಯ ಮೇಲೆ ಒಣಗಾಳಿ, ತಿಳಿಯಾದ ಇರುಳು. ನೀರಾವಿ ಅವಕೆಂಪು ಕಿರಣಗಳನ್ನು ಹೀರಿಬಿಡುವುದರಿಂದ, ಅದು ಕಡಿಮೆಯಿದ್ದಷ್ಟೂ ದೂರದರ್ಶಕಕ್ಕೆ ಲಾಭ. ಸಾವಿರಾರು ಕಿಲೋಮೀಟರ್ ನೀರಿನ ಮೇಲೆ ತಡೆಯಿಲ್ಲದೆ ಬೀಸಿಬಂದ ಗಾಳಿ ಬೆಟ್ಟದ ಇಳಿಜಾರಿನ ಮೇಲೆ ಸುಳಿಗಟ್ಟದೆ ಸಾಗುವುದರಿಂದ ನಕ್ಷತ್ರದ ಬಿಂಬ ಹೆಚ್ಚು ಅದುರುವುದಿಲ್ಲ. ಸುತ್ತ ಕಡಲಿರುವ ಕಾರಣ ಮಹಾನಗರಗಳ ಬೆಳಕೂ ದೂರ. ಇಂಥ ಜಾಗ ಉತ್ತರ ಗೋಳಾರ್ಧದಲ್ಲಿ ಬಹಳ ಅಪರೂಪ.

ಇಲ್ಲಿ ಖಗೋಳ ವಿಜ್ಞಾನ ನೆಲೆಯೂರಿದ್ದಕ್ಕೆ ಒಂದು ದುರಂತವೂ ಕಾರಣ. 1960ರ ಮೇ ತಿಂಗಳಲ್ಲಿ ಚಿಲಿಯ ಭೂಕಂಪದಿಂದೆದ್ದ ಸುನಾಮಿ ಇದೇ ದ್ವೀಪದ ಹಿಲೋ ಪಟ್ಟಣದಲ್ಲಿ 61 ಜನರನ್ನು ಬಲಿ ತೆಗೆದುಕೊಂಡಿತು. ನೆಲಕಚ್ಚಿದ ಊರಿಗೆ ಹೊಸ ಆಧಾರ ಹುಡುಕುತ್ತಿದ್ದ ಅಲ್ಲಿನ ವಾಣಿಜ್ಯ ಮಂಡಳಿ ಖಗೋಳ ಸಂಸ್ಥೆಗಳನ್ನು ಬೆಟ್ಟಕ್ಕೆ ಕರೆಯಿತು. 1964ರಲ್ಲಿ ಖಗೋಳ ವಿಜ್ಞಾನಿ ಜೆರಾರ್ಡ್ ಕೈಪರ್ ತುದಿಯಲ್ಲಿ ಪುಟ್ಟ ದೂರದರ್ಶಕವಿಟ್ಟು ಪರೀಕ್ಷಿಸಿ, ಜಾಗ ಅತ್ಯುತ್ತಮ ಎಂದರು. 1968ರಲ್ಲಿ ಹವಾಯಿ ರಾಜ್ಯವು ತುದಿಯ ನೆಲವನ್ನು ಹವಾಯಿ ವಿಶ್ವವಿದ್ಯಾಲಯಕ್ಕೆ 65 ವರ್ಷಗಳ ಗುತ್ತಿಗೆಗೆ ಕೊಟ್ಟಿತು. 1970ರಲ್ಲಿ 2.2 ಮೀಟರ್ ದೂರದರ್ಶಕ ಸಿದ್ಧವಾಯಿತು. ಮುಂದೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಕೆನಡಾ, ಜಪಾನ್‌ಗಳ ಯಂತ್ರಗಳು ಸೇರಿ ಒಟ್ಟು 13 ವೀಕ್ಷಣಾಲಯಗಳು ಎದ್ದವು. ಇವುಗಳಲ್ಲಿ ಹತ್ತಿರದಿಂದ ನೋಡಬೇಕಾದ್ದು ಅವಳಿ ಕೆಕ್ ದೂರದರ್ಶಕಗಳನ್ನು. ಹತ್ತು ಮೀಟರ್ ಅಗಲದ ಒಂದೇ ಕನ್ನಡಿಯನ್ನು ಎರಕ ಹೊಯ್ದರೆ ಅದು ತನ್ನ ಭಾರಕ್ಕೇ ಬಾಗುತ್ತದೆ. ಹಾಗಾಗಿ 1.8 ಮೀಟರ್ ಅಗಲದ 36 ಷಟ್ಕೋನ ಕನ್ನಡಿಗಳನ್ನು ಒತ್ತೊತ್ತಾಗಿ ಜೋಡಿಸಿದ್ದಾರೆ. ಅಂಚುಗಳಲ್ಲಿರುವ ಸಂವೇದಕಗಳು ಕನ್ನಡಿಗಳ ಏರುಪೇರನ್ನು ಅಳೆಯುತ್ತವೆ. ಕಂಪ್ಯೂಟರ್ ಸೆಕೆಂಡಿಗೆ ಎರಡು ಸಲ ಅವನ್ನು ನ್ಯಾನೊಮೀಟರ್‌ಗಳ ನಿಖರತೆಯಲ್ಲಿ ಸರಿಪಡಿಸುತ್ತದೆ. ಹಗಲಿಡೀ ಗುಮ್ಮಟದ ಒಳಗನ್ನು ತಣ್ಣಗಿಟ್ಟಿರುತ್ತಾರೆ. ಇರುಳು ಬಾಗಿಲು ತೆರೆದಾಗ ಬಿಸಿಗಾಳಿ ಹೊರನುಗ್ಗಿ ಬಿಂಬ ಕದಡಬಾರದಲ್ಲ.

ಫಲವೂ ಅದಕ್ಕೆ ತಕ್ಕಂತೆಯೇ ಬಂದಿದೆ. ನೆಪ್ಚೂನ್‌ನ ಆಚೆ ಹಿಮಕಾಯಗಳ ಪಟ್ಟಿಯೊಂದಿದೆ ಎನ್ನುವುದಕ್ಕೆ ಪುರಾವೆಯಾದ ಕಾಯವನ್ನು ಡೇವಿಡ್ ಜ್ಯುವಿಟ್ ಮತ್ತು ಜೇನ್ ಲೂ 1992ರಲ್ಲಿ ಕಂಡದ್ದು ಇಲ್ಲಿನ 2.2 ಮೀಟರ್ ದೂರದರ್ಶಕದಲ್ಲಿ. ಬೆಟ್ಟವನ್ನು ಪರೀಕ್ಷಿಸಿದ ಕೈಪರ್ ಹೆಸರೇ ಆ ಪಟ್ಟಿಗಿದೆ. ಆಂಡ್ರಿಯಾ ಗೆಜ್ ಅವರ ತಂಡ ಕೆಕ್ ಮೂಲಕ ನಮ್ಮ ಆಕಾಶಗಂಗೆಯ ನಡುವಿನ ನಕ್ಷತ್ರಗಳ ಓಟವನ್ನು ವರ್ಷಗಟ್ಟಲೆ ಬೆನ್ನಟ್ಟಿ, ಅಲ್ಲಿ ದೈತ್ಯ ಕಪ್ಪುಕುಳಿಯಿದೆ ಎಂದು ತೋರಿಸಿತು. ಆ ಕೆಲಸಕ್ಕೆ 2020ರ ನೊಬೆಲ್ ಪಾಲು ಬಂತು.

ಇಷ್ಟೆಲ್ಲ ದೊರೆತ ಬೆಟ್ಟದ ಮೇಲೆ ವಿಜ್ಞಾನಕ್ಕೆ ಹಕ್ಕಿದೆಯೇ ಎಂದರೆ, ಕೇಳಿ ಪಡೆದಷ್ಟೇ ಹಕ್ಕು ಎಂಬುದು ನನ್ನ ಉತ್ತರ. ಹಾಗೆ ಕೇಳುವ ಕೆಲಸ ಇಲ್ಲಿ ಮೊದಲಿಂದಲೂ ನೆಟ್ಟಗೆ ನಡೆಯಲಿಲ್ಲ. 1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಿ, 1898ರಲ್ಲಿ ದ್ವೀಪಗಳನ್ನು ಅಮೆರಿಕ ಸೇರಿಸಿಕೊಂಡಾಗ ರಾಜಮನೆತನದ ಮತ್ತು ಸರ್ಕಾರದ ಜಮೀನುಗಳು ಕೈಬದಲಾದವು. ಬೆಟ್ಟದ ತುದಿಯೂ ಅಂಥ ನೆಲವೇ. ಮೂಲನಿವಾಸಿ ಹವಾಯಿಯನ್ನರಿಗೆ ಅದು ತಮ್ಮ ವಂಶದ ಮೂಲಕ್ಕೆ ಸೇರಿದ ಪವಿತ್ರ ಶಿಖರ, ಹಿಮದೇವತೆ ಪೋಲಿಯಾಹುವಿನ ನೆಲೆ. ಅವರ ಪೂರ್ವಿಕರು ಕೊಡಲಿಬಾಚಿಗಳಿಗೆ ಗಟ್ಟಿ ಕಲ್ಲು ಒಡೆದ ಗಣಿಯೂ ತುದಿಯ ಹತ್ತಿರದಲ್ಲೇ ಇದೆ. ಗುತ್ತಿಗೆಯ ಬಾಡಿಗೆ ವರ್ಷಕ್ಕೆ ಒಂದು ಡಾಲರ್. ವಿಶ್ವವಿದ್ಯಾಲಯ ಬೆಟ್ಟವನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದು 1998ರಲ್ಲಿ ರಾಜ್ಯದ ಲೆಕ್ಕ ಪರಿಶೋಧಕರೇ ವರದಿ ಕೊಟ್ಟರು. ಮೂವತ್ತು ಮೀಟರ್ ಕನ್ನಡಿಯ ದೈತ್ಯ ದೂರದರ್ಶಕ ಟಿಎಂಟಿಯ ಯೋಜನೆ ಬಂದಾಗ ಹಳೆಯ ಈ ನೋವೆಲ್ಲ ಒಟ್ಟಿಗೆ ಸ್ಫೋಟಿಸಿತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪರವಾನಗಿ ರದ್ದು ಮಾಡಿತು, 2018ರಲ್ಲಿ ಹೊಸ ಪರವಾನಗಿಯನ್ನು ಎತ್ತಿಹಿಡಿಯಿತು. 2019ರ ಜುಲೈನಲ್ಲಿ ರಸ್ತೆಗಡ್ಡ ಕೂತ ಮೂವತ್ತಕ್ಕೂ ಹೆಚ್ಚು ಹಿರಿಯರನ್ನು ಪೊಲೀಸರು ಬಂಧಿಸಿದರು. ನ್ಯಾಯಾಲಯದಲ್ಲಿ ಗೆದ್ದರೂ ಯೋಜನೆ ಬೆಟ್ಟ ಹತ್ತಲಿಲ್ಲ.

ಇದು ವಿಜ್ಞಾನಕ್ಕೂ ಮೂಢನಂಬಿಕೆಗೂ ನಡೆದ ಜಗಳ ಎನ್ನುವವರಿದ್ದಾರೆ. ಆದರೆ ಹವಾಯಿಯನ್ನರ ಪೂರ್ವಿಕರು ನಕ್ಷತ್ರ ನೋಡಿಯೇ ಸಾಗರ ದಾಟಿ ಬಂದವರು. ಆ ವಿದ್ಯೆ ಸುಳ್ಳಲ್ಲವೆಂದು 1976ರಲ್ಲಿ ಹೊಕುಲೆಯಾ ಎಂಬ ಜೋಡಿದೋಣಿ ಯಾವ ಉಪಕರಣವೂ ಇಲ್ಲದೆ ಟಹೀಟಿ ತಲುಪಿ ತೋರಿಸಿತು. ಅವರ ತಕರಾರು ಆಕಾಶ ನೋಡುವುದರ ಬಗ್ಗೆ ಇರಲಿಲ್ಲ, ನೆಲದ ಬಗ್ಗೆ ತಮ್ಮನ್ನು ಕೇಳದೆ ತೀರ್ಮಾನಿಸಿದ್ದರ ಬಗ್ಗೆ ಇತ್ತು. ಹವಾಯಿಯನ್ನರಲ್ಲೂ ದೂರದರ್ಶಕಗಳ ಪರ ಇರುವವರಿದ್ದಾರೆ ಎಂಬುದೂ ನಿಜ. ಹಾಗಿದ್ದ ಮೇಲೆ ಎಲ್ಲರನ್ನೂ ಕೂರಿಸಿ ಮಾತಾಡುವುದು ಇನ್ನಷ್ಟು ಅಗತ್ಯವಾಗಿತ್ತು. ಬಾಹ್ಯಾಕಾಶಕ್ಕೇ ದೂರದರ್ಶಕ ಕಳಿಸಬಹುದಲ್ಲ ಎಂಬ ವಾದ ಅರ್ಧ ಮಾತ್ರ ಸರಿ. ಜೇಮ್ಸ್ ವೆಬ್‌ನ ಕನ್ನಡಿ 6.5 ಮೀಟರ್, ಮೂವತ್ತು ಮೀಟರ್ ಕನ್ನಡಿಯನ್ನು ಮೇಲೇರಿಸುವ ರಾಕೆಟ್ ನಮ್ಮಲ್ಲಿಲ್ಲ. ಸ್ಪೇನಿನ ಲಾ ಪಾಲ್ಮಾ ದ್ವೀಪವನ್ನು ಪರ್ಯಾಯವಾಗಿ ಇಟ್ಟುಕೊಂಡಿದ್ದಾರೆ. ಅದು ತಗ್ಗು, ನೀರಾವಿ ಹೆಚ್ಚು. ಅವಕೆಂಪು ವೀಕ್ಷಣೆಗೆ ನಷ್ಟವಾಗುತ್ತದೆ. ನಷ್ಟ ದೊಡ್ಡದೇ ಇರಬಹುದು, ಆದರೂ ಒಪ್ಪದವರ ಮೇಲೆ ಹೇರಲು ಅದು ಪರವಾನಗಿಯಾಗಲಾರದು.

ಈ ಮಾತು ನಮಗೂ ಸಲ್ಲುತ್ತದೆ. 2014ರಲ್ಲಿ ಕೇಂದ್ರ ಸಚಿವ ಸಂಪುಟ ಟಿಎಂಟಿಯಲ್ಲಿ ಭಾರತ ಪಾಲುದಾರನಾಗಲು ಒಪ್ಪಿತು. ಅದರ ಹೊಣೆ ಹೊತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಕನ್ನಡಿಯ 492 ತುಂಡುಗಳಲ್ಲಿ ನಮ್ಮ ಪಾಲಿನವನ್ನು ನಯಗೊಳಿಸುವ ಘಟಕವಿರುವುದು ಹೊಸಕೋಟೆಯಲ್ಲಿ. ಕರ್ನಾಟಕದ ನೆಲದಲ್ಲಿ ಸಿದ್ಧವಾಗುವ ಕನ್ನಡಿ ಯಾರ ನೆಲದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯಿಂದ ನಾವು ಜಾರಿಕೊಳ್ಳುವಂತಿಲ್ಲ. ಹವಾಯಿ ರಾಜ್ಯ 2022ರ ಕಾನೂನಿನಲ್ಲಿ ಬೆಟ್ಟದ ಉಸ್ತುವಾರಿಯನ್ನು ಹೊಸ ಪ್ರಾಧಿಕಾರಕ್ಕೆ ವಹಿಸಿದೆ. ಅದರಲ್ಲಿ ಮೂಲನಿವಾಸಿಗಳಿಗೂ ಖಗೋಳ ಸಂಸ್ಥೆಗಳಿಗೂ ಸ್ಥಾನವಿದೆ. 2024ರಲ್ಲಿ ಎರಡು ಹಳೆಯ ವೀಕ್ಷಣಾಲಯಗಳನ್ನು ಕಿತ್ತು ನೆಲವನ್ನು ಮೊದಲಿನಂತೆ ಮಾಡಿದ್ದಾರೆ. ಐವತ್ತು ವರ್ಷ ತಡವಾದರೂ ದಾರಿ ಇದೇ. 65 ವರ್ಷಗಳ ಗುತ್ತಿಗೆ 2033ಕ್ಕೆ ಮುಗಿಯುತ್ತದೆ. ಆಮೇಲೂ ಬೆಟ್ಟದ ಮೇಲೆ ದೂರದರ್ಶಕಗಳು ಉಳಿಯಬೇಕೆಂದು ಬಯಸುವ ನಮ್ಮ ಸಂಸ್ಥೆಗಳು, ಅಲ್ಲಿಯವರು ಕೊಡುವ ಉತ್ತರ ಹೌದೇ ಇರಲಿ ಅಲ್ಲವೇ ಇರಲಿ, ಅದನ್ನು ಒಪ್ಪಿಕೊಳ್ಳುತ್ತೇವೆಂದು ಈಗಲೇ ಹೇಳಬೇಕು.