ಎಚ್ಚರಿಕೆಯ ಗೆರೆಯನ್ನು ಎಲ್ಲಿ ಎಳೆಯಬೇಕು?

ರೈಲಿನ ತತ್ಕಾಲ್ ಟಿಕೆಟ್ಟಿಗಾಗಿ ಬೆಳಗ್ಗೆ 10 ಗಂಟೆಗೆ ಕಾದು ಕುಳಿತವರಾಗಲಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಗುವಿನ ನೋಂದಣಿ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಪುಟವನ್ನು ತೆರೆಯುವ ತಂದೆತಾಯಿಗಳಾಗಲಿ, ತಮ್ಮ ಬೇಡಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯೋಚಿಸುವುದು ಅಪೂರ್ವ. ಅದು ಹಲವು ಯಂತ್ರಗಳನ್ನು ದಾಟಿ, ಕಟ್ಟಕಡೆಗೆ ಡೇಟಾಬೇಸ್ ಸರ್ವರ್ ಎಂಬ ಗಣಕದ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೇಳಿದ್ದನ್ನು ಹುಡುಕಿ ಕೊಡುವುದು, ಹೊಸದನ್ನು ತಪ್ಪಿಲ್ಲದೆ ಬರೆದಿಡುವುದು, ಒಂದೇ ಆಸನವನ್ನು ಇಬ್ಬರಿಗೆ ಮಾರದಂತೆ ನೋಡಿಕೊಳ್ಳುವುದು ಅದರ ಕರ್ತವ್ಯ. ಆ ಗಣಕದ ಆರೋಗ್ಯವನ್ನು ಹಗಲಿರುಳೂ ಅಳೆಯುತ್ತಿರಲು ಪ್ರೊಮಿಥಿಯಸ್, ನಾಗಿಯೋಸ್, ಝ್ಯಾಬಿಕ್ಸ್ ಮೊದಲಾದ ತಂತ್ರಾಂಶಗಳುಂಟು. ಸಿಪಿಯು ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ, ಒಂದು ಕ್ವೆರಿಗೆ ಉತ್ತರ ದೊರೆಯಲು ಎಷ್ಟು ಮಿಲಿಸೆಕೆಂಡು ಹಿಡಿಯಿತು, ಇವೆಲ್ಲವನ್ನೂ ಅವು ಬಿಡುವಿಲ್ಲದೆ ದಾಖಲಿಸುತ್ತ ಹೋಗುತ್ತವೆ. ಅಳೆಯುವುದು ಯಂತ್ರಕ್ಕೆ ಸುಲಭ. ಆದರೆ ಅಳತೆ ಎಷ್ಟಕ್ಕೆ ಏರಿದಾಗ ಮಲಗಿರುವ ಮನುಷ್ಯನೊಬ್ಬನನ್ನು ಅಪರಾತ್ರಿಯಲ್ಲಿ ಎಬ್ಬಿಸಬೇಕು ಎಂಬ ತೀರ್ಮಾನ ಮಾತ್ರ ಯಂತ್ರದ್ದಲ್ಲ.

ಈ ಗೆರೆ ಹೆಚ್ಚಿನ ಕಡೆಗಳಲ್ಲಿ ಯೋಚಿಸಿ ಎಳೆದದ್ದಾಗಿರದೆ ಪಿತ್ರಾರ್ಜಿತವಾಗಿ ಬಂದದ್ದಾಗಿರುತ್ತದೆ. ಸಿಪಿಯು 80 ಪ್ರತಿಶತ ದಾಟಿದರೆ ಹಳದಿ, 90 ದಾಟಿದರೆ ಕೆಂಪು. ಯಾರು ಯಾವಾಗ ಬರೆದಿಟ್ಟರೋ ಬಲ್ಲವರಿಲ್ಲ, ಅಳಿಸುವ ಧೈರ್ಯವೂ ಯಾರಿಗೂ ಇಲ್ಲ. ಇಂಥ ಸಂಖ್ಯೆಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ತೋರುವುದು ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿಗೆ ಸಂಬಂಧಪಟ್ಟ 300. ಡಿಸ್ಕಿನಿಂದ ತಂದ ಮಾಹಿತಿಯ ಪುಟವೊಂದು ಮೆಮೊರಿಯಲ್ಲಿ ಎಷ್ಟು ಸೆಕೆಂಡು ಉಳಿಯಬಹುದೆಂಬುದನ್ನು ತಿಳಿಸುವ ‘ಪೇಜ್ ಲೈಫ್ ಎಕ್ಸ್‌ಪೆಕ್ಟೆನ್ಸಿ’ ಎಂಬ ಅಳತೆ 300ಕ್ಕಿಂತ ಕೆಳಗಿಳಿಯದಿದ್ದರೆ ಕ್ಷೇಮ ಎಂಬ ಸೂತ್ರ, ಸರ್ವರುಗಳ ಮೆಮೊರಿ 4 ಗಿಗಾಬೈಟಿನ ಆಸುಪಾಸಿನಲ್ಲಿದ್ದ ಕಾಲದಲ್ಲಿ ಹುಟ್ಟಿತು. ಇಂದು 256 ಗಿಗಾಬೈಟ್ ಮೆಮೊರಿಯುಳ್ಳ ಸರ್ವರಿನಲ್ಲಿ ಆ ಅಳತೆ 300ಕ್ಕೆ ಇಳಿಯಿತೆಂದರೆ, ಐದು ನಿಮಿಷದೊಳಗೆ ಅಷ್ಟೂ ಮೆಮೊರಿ ಬರಿದಾಗಿ ಮತ್ತೆ ತುಂಬುತ್ತಿದೆ, ಅರ್ಥಾತ್ ಸೆಕೆಂಡಿಗೆ ಮುಕ್ಕಾಲು ಗಿಗಾಬೈಟಿಗೂ ಮೀರಿ ಡಿಸ್ಕಿನಿಂದ ಓದಲಾಗುತ್ತಿದೆ ಎಂದಾಯಿತು. ಗಂಟೆ ಬಾರಿಸುವ ಹೊತ್ತಿಗೆ ಬಳಕೆದಾರರ ದೂರು ಬಂದು ಬಹಳ ಹೊತ್ತಾಗಿರುತ್ತದೆ. ಯಂತ್ರ ಅರವತ್ತು ಪಟ್ಟು ಬೆಳೆದರೂ ಸಂಖ್ಯೆ ಮಾತ್ರ ಕದಲದೆ ಕುಳಿತಿದೆ.

ಹಾಗೆಂದು 80 ಎಂಬ ಗೆರೆಯನ್ನು ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಅದರ ಬೇರು ಗಣಕಗಳಿಗಿಂತ ಹಳೆಯದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ ಟೆಲಿಫೋನ್ ಕರೆಗಳ ಬರವನ್ನು ಸಂಭವನೀಯತೆಯ ದೃಷ್ಟಿಯಿಂದ ಪರಿಶೀಲಿಸಿ, ಸರತಿಯ ಸಾಲುಗಳ ಗಣಿತಕ್ಕೆ ಅಸ್ತಿಭಾರ ಹಾಕಿದನು. ಆ ಶಾಸ್ತ್ರದ ಅತ್ಯಂತ ಸರಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಕ್ವೆರಿಯ ಕೆಲಸ ಸರಾಸರಿ 10 ಮಿಲಿಸೆಕೆಂಡಿನದೆಂದೂ, ಅದನ್ನು ಮಾಡಲು ಇರುವ ಪ್ರೊಸೆಸರ್ ಒಂದೇ ಎಂದೂ, ಕ್ವೆರಿಗಳು ಯಾವ ಕ್ರಮಕ್ಕೂ ಒಳಪಡದೆ ಬಂದಹಾಗೆ ಬರುತ್ತವೆಂದೂ ಭಾವಿಸಿದರೆ, ಪ್ರೊಸೆಸರ್ ಅರ್ಧ ಕಾಲ ದುಡಿಯುತ್ತಿರುವಾಗ ಉತ್ತರಕ್ಕೆ ಸರಾಸರಿ 20 ಮಿಲಿಸೆಕೆಂಡು ಹಿಡಿಯುತ್ತದೆ. 80 ಪ್ರತಿಶತಕ್ಕೆ ಏರಿದರೆ 50, 90ಕ್ಕೆ ಏರಿದರೆ 100, 95ಕ್ಕೆ ಏರಿದರೆ 200. ಐವತ್ತರಿಂದ ಎಂಬತ್ತರವರೆಗಿನ ಏರು ಸಾವಧಾನವಾದದ್ದು, ಅಲ್ಲಿಂದಾಚೆಗೆ ಕಡಿದಾದದ್ದು. ತೊಂಬತ್ತರ ಮೇಲೆ ಐದೇ ಹೆಜ್ಜೆ ಹೋದರೆ ಕಾಯುವಿಕೆ ಇಮ್ಮಡಿ. 80ಕ್ಕೆ ಗೆರೆ ಎಳೆದ ಹಿರಿಯರು ಈ ತಿರುವನ್ನು ಕಂಡೇ ಎಳೆದಿದ್ದಾರು. ಆದರೆ 32 ಕೋರುಗಳುಳ್ಳ ಸರ್ವರಿಗೆ ಇದೇ ಲೆಕ್ಕವನ್ನು ಹಾಕಿದರೆ 80 ಪ್ರತಿಶತದಲ್ಲಿ ಸರತಿಯೇ ಇಲ್ಲವೆನ್ನಬೇಕು. ರಾತ್ರಿ ಎರಡು ಗಂಟೆಗೆ ವರದಿಗಳನ್ನು ಸಿದ್ಧಪಡಿಸುವ ಸರ್ವರಿಗಾದರೋ 100 ಪ್ರತಿಶತ ದುಡಿಮೆಯೇ ಭೂಷಣ, ಏಕೆಂದರೆ ಅಲ್ಲಿ ಕಾದು ನಿಂತವರು ಯಾರೂ ಇಲ್ಲ, ಬೆಳಗಾಗುವುದರೊಳಗೆ ಮುಗಿದರೆ ಸಾಕು. ಆದುದರಿಂದ ಅನುಭವಸ್ಥರು ಸಿಪಿಯುವಿನ ಬೆವರನ್ನು ನೋಡುವುದಕ್ಕಿಂತ ಉತ್ತರಕ್ಕೆ ಹಿಡಿದ ಕಾಲವನ್ನು ನೋಡುವುದೇ ಲೇಸೆಂದು ಹೇಳುತ್ತಾರೆ. ಅಲ್ಲಿಯೂ ಸರಾಸರಿಯನ್ನು ನೆಚ್ಚುವಂತಿಲ್ಲ: ನೂರು ಕ್ವೆರಿಗಳಲ್ಲಿ ತೊಂಬತ್ತೊಂಬತ್ತು 10 ಮಿಲಿಸೆಕೆಂಡಿನಲ್ಲಿ ಮುಗಿದು, ಒಂದು 5 ಸೆಕೆಂಡು ತೆಗೆದುಕೊಂಡಿತೆನ್ನಿ, ಸರಾಸರಿ 60 ಮಿಲಿಸೆಕೆಂಡಾಗಿ ಸಾಧುವಾಗಿ ಕಾಣುತ್ತದೆ, ಆ ನೂರನೆಯವನ ಸಂಕಟ ಅದರಲ್ಲಿ ಕರಗಿಹೋಗುತ್ತದೆ.

ಇನ್ನು, ಸಹಜವಾದ ಏರಿಳಿತ ಯಾವುದು, ಅಸಹಜ ಯಾವುದು ಎಂಬ ಪ್ರಶ್ನೆ. ಇದನ್ನು ಶಾಸ್ತ್ರೀಯವಾಗಿ ಎತ್ತಿದವನು ವಾಲ್ಟರ್ ಶೂಹಾರ್ಟ್. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ 1924ರಲ್ಲಿ ಆತ ರಚಿಸಿದ ನಿಯಂತ್ರಣ ನಕ್ಷೆ, ಅಳತೆಗಳ ಸರಾಸರಿಯ ಎರಡು ಬದಿಗೂ ಮೂರು ಮಾನಕ ವಿಚಲನೆಗಳ ದೂರದಲ್ಲಿ ಒಂದೊಂದು ಗೆರೆ ಎಳೆದು, ಅದನ್ನು ದಾಟಿದಾಗ ಮಾತ್ರ ಕಾರಣವನ್ನು ಹುಡುಕಿರೆಂದು ವಿಧಿಸಿತು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರ ಆಹ್ವಾನದ ಮೇಲೆ ಆತ 1947–48ರಲ್ಲಿ ಭಾರತಕ್ಕೂ ಬಂದು ಇಲ್ಲಿನ ಕಾರ್ಖಾನೆಗಳಿಗೆ ಈ ವಿದ್ಯೆಯ ಪರಿಚಯ ಮಾಡಿಸಿದನೆಂಬುದು ನೆನೆಯತಕ್ಕ ಸಂಗತಿ. ಡೇಟಾಬೇಸುಗಳಿಗೆ ಈ ಕ್ರಮವನ್ನು ಇದ್ದಂತೆಯೇ ಹಚ್ಚಿದರೆ ಮಾತ್ರ ಎಡವಬೇಕಾಗುತ್ತದೆ. ಕಾರಣವೆಂದರೆ ಯಂತ್ರದಿಂದ ಹೊರಬೀಳುವ ಬಿಡಿಭಾಗಗಳಿಗೆ ಹತ್ತು ಗಂಟೆ ಹನ್ನೊಂದು ಗಂಟೆಗಳೆಂಬ ಭೇದವಿಲ್ಲ, ಜನರ ಬೇಡಿಕೆಗೆ ಉಂಟು. ಹವಾನಿಯಂತ್ರಿತ ದರ್ಜೆಗಳ ತತ್ಕಾಲ್ ತೆರೆಯುವ 10 ಗಂಟೆ, ಉಳಿದ ದರ್ಜೆಗಳದು ತೆರೆಯುವ 11 ಗಂಟೆ, ಸಂಬಳ ಜಮೆಯಾಗುವ ತಿಂಗಳ ಕೊನೆ, ಇವುಗಳ ನೂಕುನುಗ್ಗಲು ರೋಗವಲ್ಲ, ದಿನಚರಿ. ಮಂಗಳವಾರದ 10 ಗಂಟೆಯನ್ನು ಕಳೆದ ಮಂಗಳವಾರಗಳ 10 ಗಂಟೆಯೊಡನೆ ಹೋಲಿಸಬೇಕಲ್ಲದೆ ಸೋಮವಾರದ ನಡುರಾತ್ರಿಯೊಡನೆ ಹೋಲಿಸಿ ಫಲವಿಲ್ಲ. ಹಾಗೆ ಹೋಲಿಸಿದಾಗ, ಬೇಡಿಕೆ ಏರಿದ್ದಕ್ಕಿಂತ ಏರಬೇಕಾದ ಹೊತ್ತಿನಲ್ಲಿ ಏರದೆ ಉಳಿದದ್ದೇ ಎಷ್ಟೋ ವೇಳೆ ದೊಡ್ಡ ಅಪಾಯದ ಸೂಚನೆಯಾಗುತ್ತದೆ.

ಡಿಸ್ಕಿನ ವಿಷಯದಲ್ಲಿ ಕನ್ನಂಬಾಡಿ ಕಟ್ಟೆಯನ್ನು ನೆನೆಯುವುದು ಒಳಿತು. ಅದರ ಗರಿಷ್ಠ ಮಟ್ಟ 124.80 ಅಡಿ, ಆದರೆ ಗೇಟು ತೆರೆಯುವ ಎಂಜಿನಿಯರರು ಮಟ್ಟವನ್ನಷ್ಟೇ ನೋಡಿ ಕೂರುವುದಿಲ್ಲ, ಒಳಹರಿವು ಎಷ್ಟು ಸಾವಿರ ಕ್ಯೂಸೆಕ್ ಎಂಬುದನ್ನೂ ಜೊತೆಗಿಟ್ಟು ನೋಡುತ್ತಾರೆ. ನೂರು ಗಿಗಾಬೈಟಿನ ಡಿಸ್ಕು 90 ಪ್ರತಿಶತ ತುಂಬಿದರೆ ಉಳಿದದ್ದು 10 ಗಿಗಾಬೈಟು, ಒಂದು ದುಷ್ಟ ಕ್ವೆರಿ ನಿಮಿಷಗಳಲ್ಲಿ ನುಂಗಿಬಿಡಬಹುದಾದಷ್ಟು. ಹತ್ತು ಟೆರಾಬೈಟಿನದು ಅಷ್ಟೇ ತುಂಬಿದರೂ ಒಂದು ಟೆರಾಬೈಟು ಉಳಿದಿದೆ, ದಿನಕ್ಕೆರಡು ಗಿಗಾಬೈಟಿನಂತೆ ಬೆಳೆದರೆ ವರ್ಷಕ್ಕೂ ಮಿಕ್ಕಿ ಸಾಕಾಗುವಷ್ಟು. ಗೆರೆ ಎಳೆಯಬೇಕಾದದ್ದು ಶೇಕಡಾವಾರಿನ ಮೇಲಲ್ಲ, ತುಂಬುವುದಕ್ಕೆ ಉಳಿದಿರುವ ಕಾಲದ ಮೇಲೆ. ಹೊಸ ಡಿಸ್ಕು ತರಿಸಲು ಹತ್ತು ದಿನ ಬೇಕಾಗುವ ಕಚೇರಿಯಲ್ಲಿ ಒಂಬತ್ತನೆಯ ದಿನ ಬರುವ ಎಚ್ಚರಿಕೆಯಿಂದ ಏನು ಪ್ರಯೋಜನ? ಪ್ರೊಮಿಥಿಯಸ್ಸಿನಲ್ಲಿ, ಈಗಿನ ವೇಗವೇ ಮುಂದುವರಿದರೆ ಇಂತಿಷ್ಟು ಗಂಟೆಗಳ ತರುವಾಯ ಸ್ಥಿತಿ ಏನಾದೀತೆಂದು ಎಣಿಸಿ ಹೇಳುವ ಸೌಕರ್ಯವೇ ಉಂಟು.

ಗೆರೆಯನ್ನು ಎಳೆದ ಮೇಲೂ ಅಳತೆ ಅದರ ಆಚೆಗೂ ಈಚೆಗೂ ತುಯ್ದಾಡುತ್ತ ನಿಮಿಷಕ್ಕೊಂದು ಕರೆ ಕಳುಹಿಸುವುದುಂಟು. ಐದು ನಿಮಿಷ ಎಡೆಬಿಡದೆ ಗೆರೆಯ ಮೇಲಿದ್ದರೆ ಮಾತ್ರ ಕರೆಯಬೇಕೆಂದೂ, 90ಕ್ಕೆ ಹೊತ್ತಿದ ದೀಪ 85ಕ್ಕೆ ಇಳಿಯುವ ತನಕ ಆರಬಾರದೆಂದೂ ವಿಧಿಸಿದರೆ ಈ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಕಾಟವೆಂದು ಹಗುರವಾಗಿ ಹೇಳಿದೆನಾದರೂ ಅದರ ಪರಿಣಾಮ ಹಗುರವಾದದ್ದಲ್ಲ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗ ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಮಿಕ್ಕಿ ಎಚ್ಚರಿಕೆಗಳು ಒಟ್ಟಿಗೆ ಮೊಳಗಿದವು. ಮುಖ್ಯವಾದದ್ದನ್ನು ಉಳಿದವುಗಳಿಂದ ಬೇರ್ಪಡಿಸಿ ತೋರಿಸುವ ವ್ಯವಸ್ಥೆ ಅಲ್ಲಿರಲಿಲ್ಲ. ಡೇಟಾಬೇಸ್ ಕಾಯುವವರ ಪಾಡೂ ಇದಕ್ಕಿಂತ ಬೇರೆಯಲ್ಲ: ಆನ್-ಕಾಲ್ ಸರದಿಯವನು ಎದ್ದು ನೋಡಿ, ತಾನೇ ಸರಿಹೋಯಿತೆಂದು ಮತ್ತೆ ಮಲಗುವ ಅಭ್ಯಾಸವಾದರೆ, ನಿಜವಾದ ಕರೆ ಬಂದ ರಾತ್ರಿಯೂ ಆತನ ಕೈ ಮೊದಲು ಹೋಗುವುದು ಫೋನಿನ ಸದ್ದನ್ನು ಅಡಗಿಸುವುದಕ್ಕೆ. ಎಚ್ಚರಗೊಂಡವನು ತಕ್ಷಣ ಮಾಡಬೇಕಾದ ಕೆಲಸವೊಂದು ಇಲ್ಲದಿದ್ದರೆ ಆ ಎಚ್ಚರಿಕೆ ಬೆಳಗಿನ ವರದಿಯಲ್ಲಿ ಬಂದರೆ ಸಾಕು.

ಅತಿಯಾದ ಸದ್ದಿನ ಕೇಡನ್ನು ಎಲ್ಲರೂ ಬಲ್ಲರು. ಮೌನದ ಕೇಡು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಮೂಲ ಸರ್ವರಿನ ಪ್ರತಿಯನ್ನು ಇಟ್ಟುಕೊಳ್ಳುವ ರೆಪ್ಲಿಕಾ ಎಷ್ಟು ಸೆಕೆಂಡು ಹಿಂದೆ ಬಿದ್ದಿದೆಯೆಂಬ ಅಳತೆಯುಂಟು. 60 ದಾಟಿದರೆ ಕರೆಯಿರಿ ಎಂದು ಗೆರೆ ಎಳೆದವನು ನಿಶ್ಚಿಂತನಾಗಿರುತ್ತಾನೆ. ಆದರೆ ನಕಲು ಕಾರ್ಯ ಸಂಪೂರ್ಣವಾಗಿ ನಿಂತೇಹೋದಾಗ ಆ ಅಳತೆ ಸಂಖ್ಯೆಯನ್ನೇ ಕೊಡದೆ ‘ನಲ್’ ಎನ್ನುತ್ತದೆ, ನಲ್ ಎಂಬುದು ಯಾವ ಸಂಖ್ಯೆಗಿಂತಲೂ ದೊಡ್ಡದಲ್ಲವಾದ್ದರಿಂದ ಗಂಟೆ ಬಾರಿಸುವುದೇ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲಿ ಪ್ರತಿಯೊಂದು ಬರವಣಿಗೆಯ ವ್ಯವಹಾರಕ್ಕೂ ಒಂದು ಕ್ರಮಸಂಖ್ಯೆ ಸಿಗುತ್ತದೆ. ಹಳೆಯ ದಾಖಲೆಗಳನ್ನು ಕಾಲಕಾಲಕ್ಕೆ ಚೊಕ್ಕಟಗೊಳಿಸದೆ ಬಿಟ್ಟರೆ ಸುಮಾರು 200 ಕೋಟಿ ವ್ಯವಹಾರಗಳಾಗುವ ಹೊತ್ತಿಗೆ ಡೇಟಾಬೇಸು ದತ್ತವನ್ನು ಕಾಪಾಡುವುದಕ್ಕಾಗಿ ಬರೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಮಿಂಚಂಚೆ ಸೇವೆಯಾದ ಮ್ಯಾಂಡ್ರಿಲ್ 2019ರ ಫೆಬ್ರುವರಿಯಲ್ಲಿ ಹೀಗೆಯೇ ಸ್ಥಗಿತಗೊಂಡಿತು. ಆ ವರೆಗೆ ಸಿಪಿಯು, ಮೆಮೊರಿ, ಡಿಸ್ಕು ಯಾವುದೂ ಏರಬೇಕಾಗಿಲ್ಲ. 20 ಕೋಟಿಗೆ ಚೊಕ್ಕಟದ ಕೆಲಸ ತಾನಾಗಿ ಆರಂಭವಾಗುವುದರಿಂದ ಅಲ್ಲಿ ಗೆರೆ ಎಳೆದರೆ ವ್ಯರ್ಥ ಗಲಾಟೆ; ದೊಡ್ಡ ಕೋಷ್ಟಕಗಳನ್ನು ಚೊಕ್ಕಟಗೊಳಿಸಲು ದಿನಗಳೇ ಹಿಡಿಯುವುದರಿಂದ 190 ಕೋಟಿಯವರೆಗೆ ಕಾದರೆ ಸರ್ವನಾಶ. 50 ಕೋಟಿಯ ಸುಮಾರಿಗೆ ಹಗಲಿನ ಸೂಚನೆ, 100 ಕೋಟಿಗೆ ತುರ್ತು ಕರೆ ಎಂಬುದು ನನಗೆ ಸಮಂಜಸವಾಗಿ ತೋರುತ್ತದೆ.

ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದದ್ದು ಇನ್ನೂ ವಿಚಿತ್ರ. ರೆಪ್ಲಿಕಾವನ್ನು ಸರಿಪಡಿಸಹೊರಟ ಎಂಜಿನಿಯರೊಬ್ಬರು ಕಣ್ತಪ್ಪಿನಿಂದ ಮೂಲ ಸರ್ವರಿನ ದತ್ತವನ್ನೇ ಅಳಿಸಿದರು. ಸುಮಾರು 300 ಗಿಗಾಬೈಟಿನಲ್ಲಿ 4.5 ಮಾತ್ರ ಉಳಿಯಿತು. ಬ್ಯಾಕಪ್ಪಿಗೆ ಹೋಗಿ ನೋಡಿದರೆ ಅದಿರಬೇಕಾದ ಸ್ಥಳ ಖಾಲಿ. ಪೋಸ್ಟ್‌ಗ್ರೆಸ್ 9.6ರ ಡೇಟಾಬೇಸಿಗೆ 9.2ರ ಬ್ಯಾಕಪ್ ಉಪಕರಣ ಓಡುತ್ತಿದ್ದುದರಿಂದ ಆ ಕೆಲಸ ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾದುದನ್ನು ತಿಳಿಸುವ ಮಿಂಚಂಚೆಗಳೇನೋ ಹೊರಟಿದ್ದವು, ಆದರೆ ಕಳುಹಿಸಿದವರ ಗುರುತನ್ನು ತಾಳೆ ನೋಡುವ ಡಿಮಾರ್ಕ್ ಪರೀಕ್ಷೆಯಲ್ಲಿ ಅವು ತಿರಸ್ಕೃತವಾಗಿ ಯಾರನ್ನೂ ಮುಟ್ಟಿರಲಿಲ್ಲ. ಸುಮಾರು ಆರು ಗಂಟೆ ಹಿಂದೆ ಬೇರೊಂದು ಉದ್ದೇಶಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಅದೃಷ್ಟವಶಾತ್ ಇದ್ದುದರಿಂದ ಉಳಿದದ್ದೆಲ್ಲ ಮರಳಿತು, ಆ ಆರು ಗಂಟೆಗಳದು ಹೋಯಿತು. ಇಂಥ ಕಡೆ ಗೆರೆಯನ್ನು ತಿರುಗಿಸಿ ಎಳೆಯಬೇಕಾಗುತ್ತದೆ. ಬ್ಯಾಕಪ್ ಮುಗಿದಾಗಲೆಲ್ಲ ಅದು ಹೊರಗಿನ ಇನ್ನೊಂದು ಗಣಕಕ್ಕೆ ತನ್ನ ಯಶಸ್ಸನ್ನು ವರದಿ ಮಾಡಲಿ. 24 ಗಂಟೆಗೊಮ್ಮೆ ಬರಬೇಕಾದ ವರದಿ 26 ಗಂಟೆಯಾದರೂ ಬಾರದಿದ್ದರೆ, ಅಥವಾ ಬಂದ ಕಡತದ ಗಾತ್ರ ನಿನ್ನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ, ಆ ಹೊರಗಿನ ಗಣಕವೇ ಸರದಿಯವನನ್ನು ಎಬ್ಬಿಸಲಿ.