ಹಳೆಯ ಪಿಕಪ್ ಕೊಳ್ಳುವ ಮುಂಚೆ ಕೆಳಗೆ ಬಗ್ಗಿ ನೋಡ್ರಿ



ಕಮಲಾಪುರದಿಂದ ಕೆಂಪು ಬಾಳೆಯ ಗೊನೆ, ತೊಗರಿ ಬೇಳೆ, ಜೋಳದ ರೊಟ್ಟಿ ತಂದು ಕಲಬುರಗಿಯ ಸ್ಟೇಶನ್ ಬಜಾರದ ಕಡೆ ಮಾರುವವರಿಗೆ ಬಾಡಿಗೆ ಗಾಡಿಯ ಖರ್ಚು ಎಷ್ಟೆಂದು ಹೇಳಬೇಕಾಗಿಲ್ಲ. ಹಂಗಾಗಿ "ನಾವೇ ಕೂಡಿ ಒಂದು ಹಳೆ ಗಾಡಿ ತಗೊಂಡ್ರ ಹ್ಯಾಂಗ?" ಅನ್ನೋ ಮಾತು ವಾರದ ಸಭೆಯೊಳಗೆ ಬರ್ತದ. ವಿಚಾರ ಒಳ್ಳೆಯದೇ. ಆದರೆ ಅದು ಸಾಲದ ದುಡ್ಡು. ಗಾಡಿ ಗ್ಯಾರೇಜಿನಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲ.

ಹಳೆ ಗಾಡಿ ನೋಡಲು ಹೋದಾಗ ನಮ್ಮ ಕಣ್ಣು ಮೊದಲು ಬಣ್ಣದ ಮೇಲೆ, ಸೀಟಿನ ಮೇಲೆ ಬೀಳ್ತದ. ಮಾರುವವನಿಗೂ ಇದು ಗೊತ್ತು. ಬಣ್ಣ ಹೊಡೆಯುವುದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ. ದುಡ್ಡು ತಿನ್ನುವುದು ಗಾಡಿಯ ಅಡಿಭಾಗ. ಆದ್ದರಿಂದ ಒಂದು ಚೀಲ ಹಾಸಿ ಕೆಳಗೆ ಬಗ್ಗಿ ನೋಡಿರಿ. ನಾಚಿಕೆ ಬೇಡ.

ನಮ್ಮ ಜಿಲ್ಲೆಯಲ್ಲಿ ಶಹಾಬಾದ್ ಕಲ್ಲು, ಉಸುಕು, ಸಿಮೆಂಟು ಹೊತ್ತ ಗಾಡಿಗಳು ಬಹಳ. 2005ರಲ್ಲಿ ಬಂದ ಟಾಟಾ ಏಸ್, ಅಂದರೆ ಜನ ಕರೆಯುವ ಚೋಟಾ ಹಾಥಿ, ಹೊರಬೇಕಾದ ಭಾರ ಸುಮಾರು 750 ಕಿಲೋ. ಕಲ್ಲಿನ ಚಪ್ಪಡಿ ಹೇರುವಾಗ ಅದನ್ನು ಯಾರು ತೂಗಿ ನೋಡ್ತಾರ? ಹೆಚ್ಚು ಭಾರ ಹೊತ್ತ ಗಾಡಿಯ ಚಾಸಿ ಬಾಗಿರಬಹುದು, ಬಿರುಕು ಬಿಟ್ಟಿರಬಹುದು. ಚಾಸಿಯ ಉದ್ದಕ್ಕೂ ಬೆಸುಗೆಯ ಗುರುತು, ಹೊಸದಾಗಿ ಬಡಿದ ಕಪ್ಪು ಬಣ್ಣ ಕಂಡರೆ ಅನುಮಾನ ಪಡಿರಿ. ಹಿಂದಿನ ಕಮಾನು ಪಟ್ಟಿ ಎರಡೂ ಕಡೆ ಒಂದೇ ಸಮ ಇವೆಯೋ, ಒಂದು ಕಡೆ ಹೆಚ್ಚುವರಿ ಪಟ್ಟಿ ಸೇರಿಸಿದ್ದಾರೋ ನೋಡಿರಿ. ಖಾಲಿ ಗಾಡಿಯನ್ನು ಸಪಾಟು ಜಾಗದಲ್ಲಿ ನಿಲ್ಲಿಸಿ ದೂರದಿಂದ ನೋಡಿದರೆ ಒಂದು ಬದಿಗೆ ವಾಲಿದ್ದು ಗೊತ್ತಾಗ್ತದ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೂ ಅದೇ ಕಥೆ.

ಎಂಜಿನ್ ನೋಡಲು ಮುಂಜಾನೆ ಹೋಗಿರಿ, ಗಾಡಿ ತಣ್ಣಗಿರುವಾಗ. ನೀವು ಮುಟ್ಟುವ ಮೊದಲೇ ಎಂಜಿನ್ ಬಿಸಿ ಇದ್ದರೆ ಚಾಲೂ ಆಗುವ ತೊಂದರೆ ಮುಚ್ಚಿಡಲು ಮೊದಲೇ ಚಾಲೂ ಮಾಡಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಇಳಿಯುತ್ತಿರಬಹುದು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಮಾತು ಅಲ್ಲಿಗೇ ಮುಗಿಸಿ ಬನ್ನಿರಿ. ಮೀಟರಿನ ಕಿಲೋಮೀಟರ್ ನಂಬಬೇಡಿರಿ. ಅದನ್ನು ಹಿಂದೆ ತಿರುಗಿಸಬಹುದು. ಬ್ರೇಕು, ಕ್ಲಚ್ಚಿನ ಪೆಡಲ್ ಮೇಲಿನ ರಬ್ಬರ್ ಎಷ್ಟು ಸವೆದಿದೆ ನೋಡಿದರೆ ನಿಜ ಹೆಚ್ಚು ತಿಳೀತದ.

ಆಮೇಲೆ ಭಾರ ಹಾಕಿಯೇ ಓಡಿಸಿ ನೋಡಬೇಕು. ಖಾಲಿ ಗಾಡಿ ಎಲ್ಲವೂ ಚೆಂದ ಓಡ್ತಾವ. ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ತನಕ ಹೋಗಿ ಬಂದರೆ ಬ್ರೇಕು ಒಂದು ಕಡೆ ಎಳೆಯುವುದು, ಗೇರು ಜಾರುವುದು, ನೀರು ಕುದಿಯುವುದು ಹೊರಗೆ ಬರ್ತದ. ಜೊತೆಗೆ ಮಿಸ್ತ್ರಿಯನ್ನು ಕರೆದೊಯ್ಯಿರಿ, ಆದರೆ ಮಾರುವವನು ತೋರಿಸಿದ ಮಿಸ್ತ್ರಿ ಬೇಡ. ಅವನ ಒಂದು ದಿನದ ಕೂಲಿ ಸಂಘಕ್ಕೆ ದಂಡವಲ್ಲ.

ಈಗ ಕಾಗದ ಪತ್ರ. ಚಾಸಿಯ ಮೇಲೆ ಕೊರೆದ ನಂಬರು, ಎಂಜಿನ್ ನಂಬರು ಎರಡೂ ಆರ್.ಸಿ.ಯೊಡನೆ ಅಕ್ಷರ ಅಕ್ಷರ ಕೂಡಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ಎಫ್.ಸಿ., ವಿಮೆ ಎಲ್ಲಿಯವರೆಗೆ ಇವೆ ನೋಡಲಿ. ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು; 15 ವರ್ಷ ದಾಟಿದ ಗಾಡಿಯ ಫೀಸನ್ನು ಕೇಂದ್ರ ಸರಕಾರ 2022ರ ಏಪ್ರಿಲ್‌ನಿಂದ ಏರಿಸಿದೆ. ಅಗ್ಗಕ್ಕೆ ಸಿಕ್ಕ ಬಹಳ ಹಳೆಯ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಆರ್.ಸಿ.ಯಲ್ಲಿ ಬ್ಯಾಂಕು, ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಪತ್ರವೂ ಫಾರಂ 35ವೂ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿರಿ. ಸೊಲ್ಲಾಪುರ, ಜಹೀರಾಬಾದ್ ಕಡೆಯ ಗಾಡಿ ಆದರೆ ಅಲ್ಲಿಯ ಆರ್.ಟಿ.ಓ. ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಟ್ಯಾಕ್ಸ್ ಬೇರೆ ಕಟ್ಟಬೇಕು. ಆ ಖರ್ಚನ್ನೂ ಬೆಲೆಯೊಳಗೆ ಹಿಡಿದು ಲೆಕ್ಕ ಹಾಕಿರಿ.

"ಹೆಸರು ಆಮೇಲೆ ಮಾಡಿಸಿಕೊಳ್ರಿ ಅಕ್ಕಾ, ಏನವಸರ" ಅಂದರೆ ಒಪ್ಪಬೇಡಿರಿ. ಫಾರಂ 29, 30ಕ್ಕೆ ಅವತ್ತೇ ಸಹಿ ಹಾಕಿಸಿ, 14 ದಿನದೊಳಗೆ ವಿಮೆಗೂ ಅರ್ಜಿ ಕೊಡಿರಿ. ಗಾಡಿ ಯಾರ ಹೆಸರಿನಲ್ಲಿ ಎಂಬುದು ಸಣ್ಣ ಮಾತಲ್ಲ. ಅಪಘಾತವಾದರೆ ಆರ್.ಸಿ.ಯಲ್ಲಿ ಹೆಸರಿದ್ದವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಒಬ್ಬ ಸದಸ್ಯೆಯ ಹೆಸರಿಗೆ ಮಾಡಿಸುವುದಾದರೆ ಅವಳ ಒಪ್ಪಿಗೆ, ಉಳಿದವರ ಪಾಲು, ರಿಪೇರಿ ಯಾರು ಕೊಡಬೇಕು ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ. ಗಂಡನ ಹೆಸರಿಗೆ ಮಾಡಿಸಿದರೆ ಅದು ಸಂಘದ ಗಾಡಿ ಅಲ್ಲ.

ವಿಮೆಯ ಕಾಗದದಲ್ಲಿ ಇನ್ನೊಂದು ನೋಡಬೇಕು. ಮಾಲಿನ ಒಡೆಯರು ಮಾಲಿನ ಜೊತೆ ಬಂದರೆ ಅವರಿಗೂ ವಿಮೆ ಇರಬೇಕೆಂದು 1994ರಲ್ಲಿ ಕಾನೂನು ತಿದ್ದಿದರು. ಆದರೆ ಆರ್.ಸಿ.ಯಲ್ಲಿ ಬರೆದಷ್ಟೇ ಜನ, ಅದೂ ಮುಂದಿನ ಸೀಟಿನಲ್ಲಿ. ಹಿಂದೆ ಗೊನೆಗಳ ಮೇಲೆ ಹತ್ತು ಜನ ಕೂತು ಬರುವುದಾದರೆ ಏನಾದರೂ ಆದಾಗ ವಿಮೆ ಕಂಪನಿ ಕೈ ಎತ್ತುತ್ತದೆ, ಪರಿಹಾರ ಹೆಸರಿದ್ದ ಸದಸ್ಯೆಯ ತಲೆ ಮೇಲೆ ಬರ್ತದ.

ಇಷ್ಟೆಲ್ಲ ನೋಡುವ ತನಕ ಮುಂಗಡ ಕೊಡಬೇಡಿರಿ. ಕೊಟ್ಟ ಮೇಲೆ ಗಾಡಿ ನಂಬರು, ಮೊತ್ತ, ತಾರೀಖು ಬರೆದ ರಶೀದಿ ಪಡೆದು ಖಜಾಂಚಿಯ ಹತ್ತಿರ ಇಡಿರಿ.